ಕಮಿಷನರ್ ಸರ್ ಮಾರ್ಕ್ ಕಬ್ಬನ್ ಸಾಹೇಬರ ಚರಿತ್ರೆ

ಅಧಿಕಾರವೆಂಬುದು ಬೆಂಕಿಯಂತಹುದು. ಒಲೆಯೊಳಗಿದ್ದರೆ ಅನ್ನವನ್ನು ಬೇಯಿಸುವುದು. ಒಲೆಯನ್ನು ಬಿಟ್ಟು ಹೊರಗೆ ಬಂದರೆ ಮನೆಯನ್ನೇ ಸುಡುವುದು. ಕಲ್ಯಾಣ ಪಟ್ಟಣದಲ್ಲಿ ಬಿಜ್ಜಳರಾಯನ ಭಂಡಾರವು ಅಣ್ಣ ಬಸವಣ್ಣನವರ ಕೈಯಲ್ಲಿದ್ದಿತು. ಚಾಡಿಕೋರರು ಅವರ ಮೇಲೆ ದೂರಿತ್ತಾಗ ಲೆಕ್ಕವನ್ನು ತೆಗೆದು ನೋಡಲಾಗಿ ಒಂದು ಹೊನ್ನೂ ಕಡಮೆಯಾಗಿರಲಿಲ್ಲವೆಂದು ನಮ್ಮ ಪುರಾಣಗಳು ಸಾರುತ್ತವೆ. ಅರಸನ ಊಳಿಗದಲ್ಲಿದ್ದೂ ಅರಸನ ಹಣವನ್ನು ಮುಟ್ಟದೆ, ಪ್ರಜೆಯ ಹಣವನ್ನು ಬಯಸದೆ ಬಾಳಿದ ಅಧಿಕಾರಿಯ ಮಾದರಿಯು ಹೀಗೆ ನಮ್ಮ ಸಮಾಜದ ಮೂಲದಲ್ಲಿಯೇ ಇರುವುದು. ಆದರೂ ಅದೇ ಕನ್ನಡನಾಡಿನಲ್ಲಿ, ಆರುನೂರ ಐವತ್ತು ವರ್ಷಗಳಾದ ಮೇಲೆ, ಅಧಿಕಾರಿಗಳು ಪ್ರಜೆಗಳನ್ನು ಸುಲಿದುದರಿಂದ ರಾಜ್ಯವೇ ಅರಸರ ಕೈ ತಪ್ಪಿಹೋದ ಕಾಲವೊಂದು ಬಂದಿತು. ಆ ಕೆಟ್ಟ ಕಾಲದ ಕಾರಣಗಳನ್ನು ವಿಚಾರಣೆಮಾಡಿ, ತರುವಾಯ ಇಪ್ಪತ್ತೇಳು ವರ್ಷಗಳ ಕಾಲ ಮೈಸೂರು ಸೀಮೆಯ ಆಡಳಿತವನ್ನು ನಡೆಸಿದವರು ಸರ್ ಮಾರ್ಕ್ ಕಬ್ಬನ್ ಸಾಹೇಬರು. ಅವರು ನಮ್ಮ ಮತದವರಲ್ಲ, ನಮ್ಮ ದೇಶದವರಲ್ಲ. ಆದರೂ ತುಮಕೂರು, ಗುಬ್ಬಿ, ಕುಣಿಗಲುಗಳ ಭಕ್ತಮಹಾಶಯರು ಅವರ ಚರಿತ್ರೆಯನ್ನು ಅರಿಯತಕ್ಕದ್ದು ಉಚಿತವೆಂದು ಭಾವಿಸಿ, ಈ ಉತ್ಸವದ ಸಂಪುಟದಲ್ಲಿ ಅದನ್ನು ಸಂಗ್ರಹವಾಗಿ ನಿರೂಪಿಸಲಾಗಿದೆ.

ಇಂಗ್ಲೆಂಡಿಗೂ ಐರ್ಲೆಂಡಿಗೂ ನಡುವಣ ಕಡಲಿನಲ್ಲಿ ಮ್ಯಾನ್ ಎಂಬ ಚಿಕ್ಕ ದ್ವೀಪವೊಂದಿದೆ. ಅಲ್ಲಿಯ ಮಾಗೋಲ್ಡ್ ಎಂಬ ಗ್ರಾಮದ ಪಾದ್ರಿಯವರ ಮಗನಾಗಿ ಕಬ್ಬನ್ನರು 1775ನೆಯ ಇಸವಿಯಲ್ಲಿ ಜನಿಸಿದರು. ಮೈಸೂರಿನಲ್ಲಿ ರೆಸಿಡೆಂಟರ ಕೆಲಸವನ್ನು ನಡೆಸಿ, ಈ ದೇಶದ ಇತಿಹಾಸವನ್ನು ಬರೆದು ಹೆಸರಾದ ಮಾರ್ಕ್ ವಿಲ್ಕ್ಸ್ ಸಾಹೇಬರು ಇವರ ತಾಯಿಯ ಸೋದರರು. 1800ರಲ್ಲಿ ಕಬ್ಬನ್ನರು ಕಂಪನಿಯವರ ಮದರಾಸು ಸೈನ್ಯಕ್ಕೆ ಸೇರಿ ಹಿಂದೂದೇಶಕ್ಕೆ ಬಂದರು. ಅಲ್ಲಿಂದ ಮುಂದೆ ಬಹುಕಾಲ ಅವರು ಸೈನ್ಯಕ್ಕೆ ಬೇಕಾದ ದವಸ, ಎತ್ತು, ಬಂಡಿ ಮೊದಲಾದವುಗಳನ್ನು ಒದಗಿಸುವ ಇಲಾಖೆಯಲ್ಲಿದ್ದರು. ಆ ಇಲಾಖೆಯಲ್ಲಿ ದಿನವೂ ಹಣ ಹರಿಯುವುದು. ತೂಕದಲ್ಲಿ, ಅಳತೆಯಲ್ಲಿ, ಬೆಲೆಯಲ್ಲಿ ಕೈಯಾಡಿಸುವುದಕ್ಕೆ ನೂರು ದಾರಿಗಳಿರುವುವು. ರಾಜಧಾನಿಯಲ್ಲಿ ಬರೆದ ಆಜ್ಞೆಯು ಹಳ್ಳಿಯ ಕಣವನ್ನು ಮುಟ್ಟುವಷ್ಟರಲ್ಲಿ ಏನಾಗುವುದೆಂಬುದನ್ನು ಅರಿಯುವುದಕ್ಕೆ ಅದಕ್ಕಿಂತ ಉತ್ತಮವಾದ ಪಾಠಶಾಲೆಯಿಲ್ಲ.

ಈಗ ಮೈಸೂರು ಸೀಮೆಯ ಅಂದಿನ ಸ್ಥಿತಿಯನ್ನು ನೋಡೋಣ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಬಾಲಕರಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರವರಿಗೆ ಪಟ್ಟವಾಗಿ, ದಿವಾನ್ ಪೂರ್ಣಯ್ಯನವರು ರಾಜ್ಯಭಾರವನ್ನು ನಡೆಸಿದರು. 1811ರಲ್ಲಿ ಅವರು ಅಧಿಕಾರವನ್ನು ಬಿಟ್ಟಾಗ ಖಜಾನೆಯಲ್ಲಿ ಎರಡು ಕೋಟಿ ರೂಪಾಯಿಗೂ ಮಿಕ್ಕ ಹಣವಿದ್ದಿತು. ಕೃಷ್ಣರಾಜ ಒಡೆಯರವರು ವಿದ್ಯಾಪಕ್ಷಪಾತಿಗಳು, ದಾನಶೀಲರು, ಕವಿಪಂಡಿತರಿಗೆ ಆಶ್ರಯದಾತರು. ಅರಸರು ಉದಾರಿಗಳಾಗಿದ್ದಲ್ಲಿ ಅವರ ಸುತ್ತಮುತ್ತಲಿನವರು ಪ್ರಾಮಾಣಿಕರಾಗಿರಬೇಕು. ಅದು ಇಲ್ಲವಾಯಿತು. ಕೂಡಿಟ್ಟ ಹಣವು ಕೆಲವು ವರ್ಷಗಳಲ್ಲಿ ಕರಗಿತು. ಕಂಪನಿಯವರಿಗೆ ವರ್ಷವರ್ಷವೂ ಕೊಡಬೇಕಾದ ಏಳು ಲಕ್ಷ ವರಹಗಳ ಪೊಗದಿಯ ಹೊರೆ ಮಾತ್ರ ಕರಗಲಿಲ್ಲ. ಹಣವನ್ನು ಹೆಚ್ಚಿಸುವೆವೆಂದು ಮುಂದೆ ಬಂದವರಿಗೆ ಅಧಿಕಾರವು ದೊರೆಯತೊಡಗಿತು.

ಇದರಿಂದ ಬೆಳೆದುದೇ ಷರ್ತ್ತಿನ ಪದ್ಧತಿಯೆಂಬುದು. ಅದರ ಕ್ರಮವನ್ನು ಸ್ವಲ್ಪ ವಿಸ್ತರಿಸಿ ಹೇಳುವುದು ಅವಶ್ಯಕ. ಏಕೆಂದರೆ ಪ್ರಜಾಪೀಡೆಯ ಗುಟ್ಟೆಲ್ಲವೂ ಅದರಲ್ಲಿಯೇ ಅಡಗಿದೆ. ತಾಲ್ಲೂಕಿನ ಅಮಲ್ದಾರಿಕೆಯನ್ನು ಪಡೆಯುವವನು, ತಾನು ಇಂತಿಷ್ಟು ಹಣವನ್ನು ಸರ್ಕಾರಕ್ಕೆ ಸಲ್ಲಿಸುವೆನೆಂದು ಮುಚ್ಚಳಿಕೆಯನ್ನು ಬರೆದುಕೊಡಬೇಕು. ಆ ಮೊತ್ತವು ಸಾಮಾನ್ಯವಾಗಿ ಹಿಂದಣ ವರ್ಷದ ಹುಟ್ಟುವಳಿಗಿಂತ ಹೆಚ್ಚಾಗಿಯೇ ಇರುತ್ತಿದ್ದಿತು. ವಸೂಲು ಕಡಮೆಯಾದರೆ ಅಮಲ್ದಾರನು ಅದನ್ನು ತನ್ನ ಕೈಯಿಂದ ತುಂಬಬೇಕು. ಹೆಚ್ಚಾದರೆ ಹೆಚ್ಚಾದುದು ಸರ್ಕಾರಕ್ಕೆ. ಮಳೆ ಬಂದರೂ ಬಾರದಿದ್ದರೂ, ಬೆಳೆ ಬೆಳೆದರೂ ಒಣಗಿದರೂ ಮುಚ್ಚಳಿಕೆಯ ಮೊತ್ತವು ಮಾತ್ರ ಬದಲಾಗುವಂತಿರಲಿಲ್ಲ. ಹೀಗಿರುವಲ್ಲಿ ಅಮಲ್ದಾರನು ತನ್ನ ಕೈಯಿಂದ ತುಂಬುವನೆ? ರೈತನ ಹಗೇವಿನಿಂದ ತುಂಬುವನು. ಹೆಚ್ಚಾದುದನ್ನು ಸರ್ಕಾರಕ್ಕೆ ಒಪ್ಪಿಸುವನೆ? ಲೆಕ್ಕಕ್ಕೆ ಸೇರದಂತೆ ತಾನಿಟ್ಟುಕೊಳ್ಳುವನು.

ಇಲ್ಲಿ ಗಮನಿಸತಕ್ಕ ವಿಚಾರವೊಂದುಂಟು. ರೈತರನ್ನು ಹಿಂಸಿಸುವುದಿಲ್ಲ, ಹೊಸ ತೆರಿಗೆಗಳನ್ನು ಹಾಕುವುದಿಲ್ಲ, ಸರ್ಕಾರದ ಪಾಲಿನ ಧಾನ್ಯವನ್ನು ಬಲಾತ್ಕಾರದಿಂದ ರೈತರಿಗೆ ಮಾರುವುದಿಲ್ಲ ಎಂಬ ಮಾತುಗಳು ಅದೇ ಮುಚ್ಚಳಿಕೆಯಲ್ಲಿಯೇ ಬರೆದಿದ್ದುವು. ಅಂದರೆ ಕಾಯಿದೆಯು ಚೆನ್ನಾಗಿಯೇ ಇದ್ದಿತು. ಆದರೆ ಅದನ್ನು ಮುರಿದವನ ಮೇಲೆ ರೈತನು ಹುಜೂರಿನವರೆಗೆ ಹೋಗಿ ದೂರಿಟ್ಟರೂ ಕೇಳುವವರಿರಲಿಲ್ಲ. ಬರೆದ ಧರ್ಮವು ಕಡತದಲ್ಲಿ ಮಲಗಿದ್ದಿತು. ಬರೆಯದ ಅಧರ್ಮವು ಹಳ್ಳಿಹಳ್ಳಿಗಳಲ್ಲಿ ತಿರುಗುತ್ತಿದ್ದಿತು. ಬೇಲಿಯೇ ಎದ್ದು ಹೊಲವನ್ನು ಮೇಯುವುದೆಂದರೆ ಇದೇ ಅಲ್ಲವೆ!

ಕೆರೆಯ ಕೆಳಗಣ ಗದ್ದೆಗಳ ಪಾಡು ಬೇರೊಂದು ಬಗೆ. ಅಲ್ಲಿ ಕಂದಾಯವನ್ನು ಹಣದಲ್ಲಿ ಕೊಡುವುದಕ್ಕೆ ಬದಲಾಗಿ ಬೆಳೆಯನ್ನೇ ಸರ್ಕಾರಕ್ಕೂ ರೈತನಿಗೂ ಹಂಚುವ ಬಟಾಯಿ ಪದ್ಧತಿಯು ಬಹುಮಟ್ಟಿಗೆ ನಡೆಯುತ್ತಿದ್ದಿತು. ಕುಣಿಗಲಿನ ದೊಡ್ಡ ಕೆರೆಯನ್ನೂ ಅದರ ಕೆಳಗಣ ಬತ್ತದ ಬಯಲನ್ನೂ ಕಂಡವರು ಇದನ್ನು ಸುಲಭವಾಗಿ ಊಹಿಸಬಹುದು. ಬೆಳೆಯು ಕಣಕ್ಕೆ ಬಂದು ರಾಶಿಯಾದ ಮೇಲೆ, ಅಧಿಕಾರಿಯು ಬಂದು ಅಳೆಯಿಸುವವರೆಗೆ ರೈತನು ಅದನ್ನು ಮುಟ್ಟಕೂಡದು. ಅಧಿಕಾರಿಯು ಇಂದು ಬರಲಿಲ್ಲ, ನಾಳೆಯೂ ಬರಲಿಲ್ಲ. ಮೋಡವು ಕವಿಯುತ್ತಿದೆ; ಇಲಿ ಹೆಗ್ಗಣಗಳು ತಿನ್ನುತ್ತಿವೆ; ಮನೆಯಲ್ಲಿ ಮಕ್ಕಳು ಹಸಿದಿದ್ದಾರೆ. ಬೇಗ ಬರಬೇಕಾದರೆ ಕೈ ಬೆಚ್ಚಗೆ ಮಾಡಬೇಕು. ಒಂದು ಏಟನ್ನೂ ಹೊಡೆಯದೆ, ಒಂದು ಬೈಗುಳನ್ನೂ ಆಡದೆ, ಕೇವಲ ತಡಮಾಡುವುದರಿಂದಲೇ ಪ್ರಜೆಯನ್ನು ಸುಲಿಯಬಹುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಕಿಲ್ಲ.

ವ್ಯಾಪಾರಿಗಳ ಕಷ್ಟವೂ ಕಡಮೆಯಿರಲಿಲ್ಲ. ನಮ್ಮ ಗುಬ್ಬಿಯು ಹಿಂದಿನಿಂದಲೂ ಅಡಕೆಯ ವ್ಯಾಪಾರಕ್ಕೆ ಹೆಸರಾದ ಪೇಟೆ. ಮಲೆನಾಡಿನ ಅಡಕೆಯು ಈ ದಾರಿಯಲ್ಲಿ ಬಂದು ಪೂರ್ವದ ಕಡೆಗೆ ಸಾಗುತ್ತಿದ್ದಿತು. ಹೇರೆತ್ತುಗಳ ಮೇಲೆ ಬರುವ ಸರಕಿಗೆ ದಾರಿಯುದ್ದಕ್ಕೂ ಸುಂಕದ ಕಟ್ಟೆಗಳು. ಸುಂಕವನ್ನು ಇಜಾರೆಗೆ ಹಿಡಿದವನು ಕೊಟ್ಟ ಹಣಕ್ಕಿಂತ ಹೆಚ್ಚನ್ನು ಎತ್ತಲೇಬೇಕಾದುದರಿಂದ, ಒಂದೊಂದು ಕಟ್ಟೆಯಲ್ಲಿಯೂ ಹೇರನ್ನು ಇಳಿಸುವುದು, ಬಿಚ್ಚುವುದು, ತಡೆಯುವುದು, ಕಡೆಗೆ ಮಾಮೂಲನ್ನು ಪಡೆದು ಬಿಡುವುದು ನಡೆಯುತ್ತಿದ್ದಿತು.

ಇದರ ಪರಿಣಾಮವು ನಗರದ ಸೀಮೆಯಲ್ಲಿ ಒಡೆದು ಕಾಣಿಸಿತು. 1830ರಲ್ಲಿ ಅಲ್ಲಿಯ ರೈತರು ಊರೂರುಗಳಲ್ಲಿ ಕೂಟಗಳಾಗಿ ಸೇರಿ ಕಂದಾಯವನ್ನು ಕೊಡುವುದಿಲ್ಲವೆಂದು ನಿಂತರು. ಅವರಲ್ಲಿ ವೀರಶೈವ ಗೌಡರೂ ಒಕ್ಕಲು ಮಕ್ಕಳೂ ಅನೇಕರಿದ್ದರು. ಕೆಳದಿಯ ವಂಶದವನೆಂದು ಹೇಳಿಕೊಂಡು ಬೂದಿ ಬಸವಪ್ಪನೆಂಬವನು ಈ ಕಲಹದಲ್ಲಿ ತಲೆಯೆತ್ತಿದನು. ಕೆಲವು ಪಾಳೆಯಗಾರರೂ ಕೂಡಿಕೊಂಡರು. ಮೊದಲು ಮೊರೆಯಾಗಿದ್ದುದು ದಂಗೆಯಾಯಿತು. ಕಂಪನಿಯ ಸೈನ್ಯವು ಬಂದು 1831ರ ಜೂನ್ ತಿಂಗಳಿನಲ್ಲಿ ನಗರದ ಕೋಟೆಯನ್ನು ಹಿಡಿಯಬೇಕಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಪ್ರಭುಗಳು ಮೈಸೂರಿನ ಆಡಳಿತವನ್ನು ಮಹಾರಾಜರಿಂದ ತೆಗೆದುಕೊಂಡು ಕಮಿಷನರುಗಳ ವಶಕ್ಕೆ ಕೊಟ್ಟರು. ತಾಲ್ಲೂಕುಗಳಲ್ಲಿ ಕುಳಿತ ಅಮಲ್ದಾರರು ಮಾಡಿದ ಪಾಪವು ಸಿಂಹಾಸನಕ್ಕೆ ತಗುಲಿತು.

ದಂಗೆಯ ಕಾರಣಗಳನ್ನು ವಿಚಾರಿಸುವುದಕ್ಕಾಗಿ ನಾಲ್ವರ ಸಮಿತಿಯೊಂದು ಏರ್ಪಟ್ಟಿತು. ಹಾಕರ್, ಮಾರಿಸನ್, ಮೆಕ್ಲಿಯಡ್ ಎಂಬವರೊಡನೆ ಕಬ್ಬನ್ನರೂ ಅದರಲ್ಲಿ ಸದಸ್ಯರಾಗಿದ್ದರು. 1833ರ ಡಿಸೆಂಬರಿನಲ್ಲಿ ಸಮಿತಿಯ ವರದಿಯು ಸಿದ್ಧವಾಯಿತು. ಅಧಿಕಾರಿಗಳ ದುರ್ನಡತೆಯನ್ನೂ ಷರ್ತ್ತಿನ ಪದ್ಧತಿಯ ಕೆಡುಕನ್ನೂ ಅದು ಬಿಚ್ಚಿ ತೋರಿಸಿತು. ದೋಷವೆಲ್ಲವನ್ನೂ ಮಹಾರಾಜರ ಮೇಲೆ ಹೊರಿಸುವುದು ನ್ಯಾಯವಲ್ಲವೆಂಬುದೂ ಕ್ರಮೇಣ ವ್ಯಕ್ತವಾಯಿತು; ರಾಜ್ಯವನ್ನು ಅವಸರದಿಂದ ತೆಗೆದುಕೊಂಡೆನೆಂಬ ಭಾವನೆಯು ಬೆಂಟಿಂಕ್ ಪ್ರಭುಗಳಿಗೇ ಉಂಟಾಯಿತು. ಆದರೆ ಕೈಬಿಟ್ಟುಹೋದ ರಾಜ್ಯವು ಒಡನೆಯೇ ಹಿಂದಿರುಗಲಿಲ್ಲ. ಆರಂಭದಲ್ಲಿ ಇಬ್ಬರು ಕಮಿಷನರುಗಳ ಏರ್ಪಾಡಿದ್ದು, ಅವರವರಲ್ಲಿಯೇ ಭಿನ್ನಾಭಿಪ್ರಾಯಗಳು ಬೆಳೆದುವು. 1834ರ ಜೂನಿನಲ್ಲಿ ಕಬ್ಬನ್ ಸಾಹೇಬರೊಬ್ಬರೇ ಮೈಸೂರಿನ ಕಮಿಷನರಾಗಿ ನಿಂತರು. ಆಗ ಅವರಿಗೆ ಐವತ್ತೆಂಟು ವರ್ಷ. ಇತರರು ವಿಶ್ರಾಂತಿಯನ್ನು ಬಯಸುವ ವಯಸ್ಸಿನಲ್ಲಿ ಅವರ ಮುಖ್ಯವಾದ ಕೆಲಸವು ಪ್ರಾರಂಭವಾಯಿತು.

ಅವರು ಹಳೆಯ ಏರ್ಪಾಡನ್ನು ಬೇರುಸಹಿತ ಕಿತ್ತು ಹೊಸದನ್ನು ನೆಡಲಿಲ್ಲ. ಅಮಲ್ದಾರ, ಶೇಕದಾರ, ಶಾನುಭೋಗ, ಪಟೇಲ ಇವರೆಲ್ಲರೂ ತಮ್ಮ ತಮ್ಮ ಸ್ಥಾನಗಳಲ್ಲಿಯೇ ಉಳಿದರು. ಕಚೇರಿಗಳ ಭಾಷೆಯಾಗಿ ಕನ್ನಡವೂ ಮರಾಠಿಯೂ ಉಳಿದುವು. ಬದಲಾದುದು ಅಧಿಕಾರಿಯ ಮೇಲಣ ಕಣ್ಣು. ಹಿಂದಿದ್ದ ಆರು ಫೌಜುದಾರಿಗಳನ್ನು ಬೆಂಗಳೂರು, ಚಿತ್ರದುರ್ಗ, ಅಷ್ಟಗ್ರಾಮ, ನಗರ ಎಂಬ ನಾಲ್ಕು ವಿಭಾಗಗಳನ್ನಾಗಿ ಮಾಡಿ ಒಂದೊಂದಕ್ಕೆ ಒಬ್ಬೊಬ್ಬ ಸೂಪರಿಂಟೆಂಡೆಂಟರನ್ನು ನೇಮಿಸಲಾಗಿದ್ದಿತು. ಅಮಲ್ದಾರಿಕೆಯನ್ನು ಹೆಚ್ಚಿನ ಹಣಕ್ಕೆ ಒಪ್ಪಿದವನಿಗೆ ಕೊಡುವ ಷರ್ತ್ತಿನ ಪದ್ಧತಿಯು ನಿಂತುಹೋಯಿತು. ನ್ಯಾಯಕ್ಕಾಗಿ ಮುನ್ಸೀಫರ ಕಚೇರಿಗಳೂ, ಅವುಗಳ ಮೇಲೆ ಸೂಪರಿಂಟೆಂಡೆಂಟರೂ, ಬೆಂಗಳೂರಿನಲ್ಲಿ ಹುಜೂರು ಅದಾಲತ್ತೂ, ಎಲ್ಲಕ್ಕೂ ಮೇಲೆ ಕಮಿಷನರೂ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ದೂರನ್ನು ಕೇಳುವ ಕಿವಿಗಳು ಏರ್ಪಟ್ಟುವು. ಕೆಳಗಿನವನು ಮಾಡಿದ ಅನ್ಯಾಯವನ್ನು ಮೇಲಿನವನಿಗೆ ತಿಳಿಸಬಹುದೆಂಬ ನಂಬಿಕೆಯು ಜನರಲ್ಲಿ ಹುಟ್ಟಿತು. ಅಧಿಕಾರಿಯ ಕೈಯನ್ನು ಹಿಡಿಯುವುದು ದಂಡನೆಯ ಭಯಕ್ಕಿಂತ ಹೆಚ್ಚಾಗಿ ಈ ನಂಬಿಕೆಯೇ.

ಕಬ್ಬನ್ನರ ಆಡಳಿತದ ಸಾರ್ಥಕವಾದ ಕೆಲಸಗಳಲ್ಲಿ ಚಿಲ್ಲರೆ ತೆರಿಗೆಗಳ ನಿರ್ಮೂಲನವು ಅಗ್ರಗಣ್ಯವಾದುದು. ಅವರ ಕಾಲದಲ್ಲಿ ತೆಗೆದುಹಾಕಿದ ಇಂತಹ ತೆರಿಗೆಗಳ ಬಾಬುಗಳು 769! ಅವುಗಳ ಪಟ್ಟಿಯನ್ನು ಓದಿದರೆ ನಗುವೂ ಬರುವುದು, ಕಣ್ಣೀರೂ ಬರುವುದು. ಮದುವೆಯಾದರೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಅದಕ್ಕೆ ಹೆಸರಿಟ್ಟರೆ ತೆರಿಗೆ, ತಲೆಗೂದಲನ್ನು ತೆಗೆಸಿದರೆ ತೆರಿಗೆ. ಒಂದು ಗ್ರಾಮದಲ್ಲಿ ಹಿಂದೆಂದೋ ಒಬ್ಬ ಪಾಳೆಯಗಾರನ ಕುದುರೆ ತಪ್ಪಿಸಿಕೊಂಡು ಹೋಗಿದ್ದು, ಅದನ್ನು ಆ ಊರಿನವರು ಹುಡುಕಿಕೊಡಲಿಲ್ಲವಾದುದರಿಂದ ಅವರ ಮಕ್ಕಳು ಮೊಮ್ಮಕ್ಕಳೆಲ್ಲರೂ ಅದಕ್ಕಾಗಿ ತೆರುತ್ತಲೇ ಇದ್ದರು. ನಗರದಲ್ಲಿ ಒಂದು ಗೊತ್ತಾದ ಸ್ಥಳವನ್ನು ದಾಟುವಾಗ ಕೈಗಳನ್ನು ಪಕ್ಕಕ್ಕೆ ಒತ್ತಿ ಹಿಡಿದುಕೊಳ್ಳದೆ ನಡೆದವನೂ ತೆರಬೇಕಾಗಿದ್ದಿತು. ಇವೆಲ್ಲವೂ ಯಾವನೋ ಕಳ್ಳ ಅಧಿಕಾರಿಯು ಕತ್ತಲಲ್ಲಿ ಕಿತ್ತ ಕಾಸುಗಳಲ್ಲ. ಸರ್ಕಾರದ ಲೆಕ್ಕದ ಪುಸ್ತಕಗಳಲ್ಲಿ ಆದಾಯವೆಂದು ಕ್ರಮವಾಗಿ ಬರೆದಿದ್ದ ಬಾಬುಗಳು. ಒಂದು ಕಾಲದಲ್ಲಿ ಒಬ್ಬನ ದೌರ್ಜನ್ಯವಾಗಿದ್ದುದು ಮುಂದಿನ ಕಾಲದಲ್ಲಿ ಮಾಮೂಲಾಗಿ, ಅದರ ಮುಂದಿನ ಕಾಲದಲ್ಲಿ ಕಾಯಿದೆಯಾಗಿ ಕುಳಿತುಬಿಡುವುದು. ಅದನ್ನು ವಸೂಲುಮಾಡುವವನಿಗೂ ಪಾಪಭೀತಿಯಿಲ್ಲ, ಕೊಡುವವನಿಗೂ ಕೇಳುವ ಧೈರ್ಯವಿಲ್ಲ. ಈ ಮಾಮೂಲಿನ ಕಂತೆಯನ್ನು ಬಿಚ್ಚಿ ಒಂದೊಂದನ್ನೂ ಬೆಳಕಿಗೆ ಹಿಡಿದು ಬಿಸುಟುದು ಕಬ್ಬನ್ನರ ದೊಡ್ಡ ಪುಣ್ಯ.

ಬಟಾಯಿಗೆ ಬದಲಾಗಿ ಹಣದ ಕಂದಾಯವು ಕ್ರಮಕ್ರಮವಾಗಿ ಹರಡಿತು. ಸುಂಕಗಳನ್ನು ಹಗುರಮಾಡಲಾಯಿತು. ಅವರ ಕಾಲದಲ್ಲಿ 1,600 ಮೈಲಿಗಳಿಗೂ ಮಿಕ್ಕ ರಸ್ತೆಗಳೂ 309 ಸೇತುವೆಗಳೂ ಆದುವು. ಮರಾಮತ್ತು ಇಲಾಖೆಯ ಮೂಲಕ ಕೆರೆಕಟ್ಟೆಗಳ ದುರಸ್ತಿಯು ನಡೆಯಿತು. ಬೆಂಗಳೂರಿನಿಂದ ಜೋಲಾರ್‌ಪೇಟೆಯ ಕಡೆಗೆ ರೈಲುದಾರಿಯ ಕೆಲಸವು 1859ರಲ್ಲಿ ಆರಂಭವಾದುದೂ ಅವರ ಕಾಲದಲ್ಲಿಯೇ.

ನಮ್ಮ ತುಮಕೂರಿಗೆ ಈ ಏರ್ಪಾಡಿನಿಂದ ವಿಶೇಷವಾದ ಪ್ರಾಮುಖ್ಯವು ಬಂದಿತು. ಹಿಂದೆ ಮಧುಗಿರಿಯ ಫೌಜುದಾರಿಗೆ ಸೇರಿದ್ದ ಈ ಪ್ರಾಂತವು ಚಿತ್ರದುರ್ಗ ವಿಭಾಗದಲ್ಲಿ ಸೇರಿ, ಆ ವಿಭಾಗದ ಸೂಪರಿಂಟೆಂಡೆಂಟರ ಕಚೇರಿಯು ತುಮಕೂರಿನಲ್ಲಿಯೇ ನೆಲೆಗೊಂಡಿತು. ಬಹುಕಾಲ ಆ ಪದವಿಯಲ್ಲಿದ್ದ ಡಾಬ್ಸ್ ಸಾಹೇಬರ ಹೆಸರು ಶಿವಗಂಗೆಯ ಬುಡದಲ್ಲಿರುವ ಡಾಬಸ್‌ಪೇಟೆಗೆ ಅಂಟಿಕೊಂಡಿತು. ರೈತನು ತನ್ನ ದೂರನ್ನು ಹೊತ್ತುಕೊಂಡು ಮೈಸೂರಿನವರೆಗೆ ನಡೆಯಬೇಕಾಗಿದ್ದ ಕಾಲವು ಹೋಗಿ, ಗುಬ್ಬಿಯಿಂದ ಅರ್ಧ ದಿನದ ಹಾದಿಯಲ್ಲಿ ಅದನ್ನು ಕೇಳುವ ಮೇಲಧಿಕಾರಿಯೊಬ್ಬನು ಕುಳಿತನು. ಎಡೆಯೂರಿನ ಸಿದ್ಧಲಿಂಗೇಶ್ವರ ಸ್ವಾಮಿಯ ಜಾತ್ರೆಗೂ ಗುಬ್ಬಿಯ ಚನ್ನಬಸವೇಶ್ವರ ಸ್ವಾಮಿಯ ಜಾತ್ರೆಗೂ ಹೋಗಿಬರುವ ಭಕ್ತರಿಗೂ, ಸಂತೆಗೆ ಹೋಗುವ ವ್ಯಾಪಾರಿಗಳಿಗೂ ದಾರಿಯ ಸುಂಕಗಳ ಹೊರೆಯು ಇಳಿದು, ಸಂಚಾರವು ಸುಗಮವಾಯಿತು. ಮುಂದೆ 1863ರಲ್ಲಿ ತುಮಕೂರು ತನ್ನ ಹೆಸರಿನ ಜಿಲ್ಲೆಗೇ ಮುಖ್ಯಸ್ಥಳವಾದುದಕ್ಕೆ ಈ ಕಾಲದ ಕಚೇರಿಯೇ ತಳಹದಿ.

ಕಬ್ಬನ್ನರು ಮದುವೆಯಾಗಲಿಲ್ಲ. ಸೈನ್ಯಕ್ಕೆ ಸೇರಿ ಬಂದಂದಿನಿಂದ ಅವರ ಬಾಳೆಲ್ಲವೂ ಈ ದೇಶದಲ್ಲಿಯೇ ಸವೆಯಿತು. ಕುದುರೆಗಳಲ್ಲಿ ಅವರಿಗೆ ಬಹಳ ಪ್ರೀತಿ. ಬೇಸಗೆಯಲ್ಲಿ ನಂದಿಬೆಟ್ಟದ ಮನೆಯಲ್ಲಿ ವಾಸಿಸುತ್ತಿದ್ದರು. ಅಲ್ಲಿಗೂ ಕಚೇರಿಯ ಕಾಗದಗಳು ಹೋಗುತ್ತಿದ್ದುವು. ಎಂಬತ್ತು ವರ್ಷವು ದಾಟಿದ ಮೇಲೂ ಅವರು ಕೆಲಸವನ್ನು ಬಿಡಲಿಲ್ಲ. ಬೆಂಗಳೂರಿನಲ್ಲಿ ಅವರು ಕಟ್ಟಿಸಿದ ಮನೆಯು ಇಂದು ರಾಜಭವನವಾಗಿದೆ. 1843ರಲ್ಲಿ ಮೈಸೂರಿನ ರೆಸಿಡೆಂಟರ ಪದವಿಯು ರದ್ದಾದ ಮೇಲೆ ಅವರ ಅಧಿಕಾರಕ್ಕೆ ಎದುರು ಹೇಳುವವರು ಈ ಸೀಮೆಯಲ್ಲಿ ಯಾರೂ ಇರಲಿಲ್ಲ. ಅಂತಹ ಸ್ಥಿತಿಯಲ್ಲಿಯೂ ಅಧಿಕಾರವನ್ನು ತಮ್ಮ ಲಾಭಕ್ಕಾಗಿ ಬಳಸಿಕೊಂಡರೆಂಬ ಅಪವಾದವು ಅವರಿಗೆ ಅಂಟಲಿಲ್ಲ. 1856ರಲ್ಲಿ ಅವರಿಗೆ ಸರ್ ಪದವಿಯು ಬಂದಿತು.

ಆದರೆ ಚರಿತ್ರೆಯು ಸ್ತೋತ್ರವಾಗಬಾರದು. ಅವರ ಆಡಳಿತದಲ್ಲಿ ಕೊರತೆಗಳೂ ಇದ್ದುವು. ದೊಡ್ಡ ಪದವಿಗಳೆಲ್ಲವೂ ಬಿಳಿಯರ ಕೈಯಲ್ಲಿದ್ದುವು; ಕಂಪನಿಗೆ ಹೋಗುವ ಪೊಗದಿಯು ನಿಲ್ಲಲಿಲ್ಲ. ಭೂಮಿಯ ಕ್ರಮವಾದ ಅಳತೆಯು ಅವರ ಕಾಲದಲ್ಲಿ ಆಗಲಿಲ್ಲ. ಅದು ಪ್ರಾರಂಭವಾದುದು 1863ರಲ್ಲಿ, ಅವರ ತರುವಾಯ ಬಂದ ಬೌರಿಂಗ್ ಸಾಹೇಬರ ಕಾಲದಲ್ಲಿ. ಅಲ್ಲಿಯವರೆಗೂ ಹೊಲದ ಎಲ್ಲೆಯೂ ಕಂದಾಯದ ಮೊತ್ತವೂ ಶಾನುಭೋಗನ ಲೇಖಣಿಯ ತುದಿಯಲ್ಲಿಯೇ ಉಳಿದುವು. ಲೇಖಣಿಯಿದ್ದಲ್ಲಿ ಲಂಚಕ್ಕೂ ಎಡೆಯಿದ್ದಿತು. ಎಲ್ಲಕ್ಕಿಂತ ಮಿಗಿಲಾಗಿ, ಅವರ ಆಡಳಿತವು ತಂದೆಯು ಮಕ್ಕಳನ್ನು ಆಳುವಂತಹುದು. ತಂದೆಯು ಒಳ್ಳೆಯವನಾಗಿದ್ದರೆ ಮಕ್ಕಳು ಸುಖಿಗಳು; ಅವನ ತರುವಾಯ ಏನೆಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿರಲಿಲ್ಲ.

1860ರಲ್ಲಿ ಮೈಸೂರನ್ನು ಮದರಾಸು ಸರ್ಕಾರದ ಕೈಕೆಳಗೆ ಸೇರಿಸಬೇಕೆಂಬ ಏರ್ಪಾಡು ಹೊರಟಿತು. ಮಹಾರಾಜರು ಅದನ್ನು ವಿರೋಧಿಸಿದರು. ಕಬ್ಬನ್ನರೂ ಒಪ್ಪದೆ ರಾಜೀನಾಮೆಗೆ ಸಿದ್ಧರಾದರು. ಯಾರ ರಾಜ್ಯವನ್ನು ತೆಗೆದು ತಮ್ಮ ಕೈಗೆ ಕೊಟ್ಟಿದ್ದರೋ ಆ ಮಹಾರಾಜರ ಪಕ್ಕದಲ್ಲಿಯೇ ಅವರು ಕಡೆಯಲ್ಲಿ ನಿಂತುದು ಗಮನಾರ್ಹವಾದುದು. ಆ ಏರ್ಪಾಡು ಬಿದ್ದುಹೋಯಿತು. 1861ರ ಫೆಬ್ರವರಿಯಲ್ಲಿ ದೇಹಾಲಸ್ಯದಿಂದ ಕೆಲಸವನ್ನು ಬಿಟ್ಟು, ಅರುವತ್ತು ವರ್ಷಗಳ ಮೇಲೆ ಸ್ವದೇಶಕ್ಕೆ ಹೊರಟರು. ಆದರೆ ಹುಟ್ಟಿದ ಊರನ್ನು ಕಾಣುವ ಯೋಗವು ಅವರಿಗಿರಲಿಲ್ಲ. ದಾರಿಯಲ್ಲಿ ಸೂಯೆಜ್ ಎಂಬಲ್ಲಿ ಅದೇ ವರ್ಷದ ಏಪ್ರಿಲ್ 23ರಂದು ಕಾಲವಶರಾದರು. ಅವರ ದೇಹವನ್ನು ಒಯ್ದು ಮಾಗೋಲ್ಡಿನಲ್ಲಿಯೇ ಸಮಾಧಿಮಾಡಿದರು. ಬೆಂಗಳೂರಿನಲ್ಲಿ ಅವರ ಕುದುರೆಸವಾರಿಯ ವಿಗ್ರಹವು ನಿಂತಿತು. 1870ರಲ್ಲಿ ಆದ ಉದ್ಯಾನವು ಮೊದಲು ಬೇರೆ ಹೆಸರನ್ನು ಪಡೆದಿದ್ದರೂ ಬಳಿಕ ಕಬ್ಬನ್ ಪಾರ್ಕೆಂದು ಪ್ರಸಿದ್ಧವಾಗಿ, 1927ರಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನವೆಂದು ಹೆಸರಾದರೂ ಜನರ ಬಾಯಲ್ಲಿ ಹಳೆಯ ಹೆಸರೇ ಉಳಿದಿದೆ.

ಅವರು ಬಿಟ್ಟುಹೋದ ಪ್ರಶ್ನೆಗೆ ಉತ್ತರವು ಮೈಸೂರಿನಲ್ಲಿಯೇ ಹುಟ್ಟಿತು. 1881ರಲ್ಲಿ ರಾಜ್ಯವು ಒಡೆಯರ ವಂಶಕ್ಕೆ ಹಿಂದಿರುಗಿದಾಗ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಸೇರಿಸಿದರು. ತಾಲ್ಲೂಕುಗಳ ರೈತರೂ ವರ್ತಕರೂ ದಿವಾನರ ಎದುರಿನಲ್ಲಿಯೇ ಅಧಿಕಾರಿಗಳ ನಡತೆಯನ್ನು ಕುರಿತು ಮಾತನಾಡುವಂತಾಯಿತು. ಒಬ್ಬ ಸಜ್ಜನನ ಕಿವಿಗೆ ಬದಲಾಗಿ ನಾಡಿನ ಬಾಯಿ ತೆರೆಯಿತು. ಇಂದು ಪ್ರಜೆಗಳೇ ಪ್ರಭುಗಳು. ಲೋಕಾಯುಕ್ತರ ಕಾಯಿದೆಯು 1984ರಲ್ಲಿಯೂ, ಮಾಹಿತಿಯ ಹಕ್ಕು 2005ರಲ್ಲಿಯೂ ಬಂದಿವೆ. ಆದರೆ ಷರ್ತ್ತಿನ ಕಾಲದ ಮುಚ್ಚಳಿಕೆಯಲ್ಲಿಯೂ ಒಳ್ಳೆಯ ಮಾತುಗಳೇ ಇದ್ದುವೆಂಬುದನ್ನು ನಾವು ಮರೆಯಬಾರದು. ಅವುಗಳನ್ನು ಮುರಿದ ಅಮಲ್ದಾರರು ಬೇರೆ ಲೋಕದಿಂದ ಬಂದವರಲ್ಲ. ಅವರೂ ಬೆಳಗಾದರೆ ಸ್ನಾನಮಾಡಿ ದೇವರಿಗೆ ಕೈಮುಗಿಯುತ್ತಿದ್ದವರೇ. ಗುಡಿಗಳಿಗೂ ಮಠಗಳಿಗೂ ಕಾಣಿಕೆಯನ್ನು ಒಪ್ಪಿಸುತ್ತಿದ್ದವರೇ. ರೈತನ ಕಣದಲ್ಲಿ ನಿಂತಾಗ ಮಾತ್ರ ಅವರಿಗೆ ದೇವರು ಕಾಣಲಿಲ್ಲ.

ಆದುದರಿಂದ ಮಠದ ಶಿಷ್ಯರಾಗಿದ್ದು ಸರ್ಕಾರದ ಊಳಿಗದಲ್ಲಿರುವವರು ಈ ಚರಿತ್ರೆಯನ್ನು ಓದಿ, ತಮ್ಮ ಮೇಜಿನ ಮುಂದೆ ಕಾದುನಿಂತ ಬಡವನ ಅರ್ಜಿಯನ್ನು ಒಂದು ದಿನ ಮೊದಲೇ ತೀರಿಸಿದರೆ, ಅದು ಮಠಕ್ಕೆ ಸಲ್ಲಿಸಿದ ಕಾಣಿಕೆಗಿಂತ ಹೆಚ್ಚಿನದು. ಊಳಿಗದಲ್ಲಿಲ್ಲದವರು ಕೊಡಬಾರದ ಮಾಮೂಲನ್ನು ಕೊಡದೆ, ಹೇಳಬೇಕಾದ ದೂರನ್ನು ಹೇಳದೆ ಬಿಡದಿದ್ದರೆ ಅದೂ ಅಷ್ಟೇ ದೊಡ್ಡದು. ಕಾಯಕವು ಶುದ್ಧವಾಗಿಲ್ಲದವನ ದಾಸೋಹವು ಶಿವನಿಗೆ ಸಲ್ಲದೆಂಬುದು ನಮ್ಮ ಶರಣರ ಧರ್ಮ. ಕಡಲಾಚೆಯಿಂದ ಬಂದವರೊಬ್ಬರು ಆ ಧರ್ಮದ ಹೆಸರನ್ನರಿಯದೆಯೇ ಅದರ ಒಂದಂಶವನ್ನು ನಡೆಸಿ ತೋರಿದರು. ಹೆಸರನ್ನರಿತ ನಾವು ಅದನ್ನು ಪೂರ್ಣವಾಗಿ ನಡೆಸುವ ಬಲವನ್ನು ಶ್ರೀ ಗುರುವು ನಮಗೆ ಕರುಣಿಸಲಿ.